ಹಾಪ್ಸ್ ಹೂವಿನ ಕಹಿ ಮದ್ದು ಬಿಯರ್ ವೇಸ್ಟ್‌ನಲ್ಲಿ ಇರುತ್ತದೆಯೇ?



ಕಳೆದ ಬೇಸಿಗೆಯಲ್ಲಿ ಒಂದು ದಿನ ಬೆಳಗಿನ ಐದು ಗಂಟೆಗೆ ಫೋನ್ ಬಂತು. ನಮ್ಮ ಒಂದು ಮಹಿಳಾ ಸಂಘದ ಸದಸ್ಯೆ. "ಡಾಕ್ಟ್ರೇ, ಹಸು ರಾತ್ರಿಯಿಂದ ಮೆಲುಕು ಹಾಕಿಲ್ಲ, ಎದ್ದು ನಿಲ್ತಿಲ್ಲ" ಎಂದರು. ಹೋಗಿ ನೋಡಿದೆ. ಎರಡನೇ ಕರುವಿನ ಸೀಮೆ ಹಸು, ದಿನಕ್ಕೆ ಹದಿಮೂರು ಲೀಟರ್ ಕೊಡುತ್ತಿದ್ದದ್ದು. ಕಣ್ಣು ಒಳಗೆ ಹೋಗಿತ್ತು. ಸಗಣಿ ನೀರಿನಂತಿತ್ತು, ಹುಳಿ ವಾಸನೆ ಹೊಡೆಯುತ್ತಿತ್ತು. ಎಡ ಮಗ್ಗುಲಿನ ಹೊಟ್ಟೆ ಮುಟ್ಟಿದರೆ ಒಳಗೆ ಕುಲುಕಾಡುವ ನೀರು. ಕೊಟ್ಟಿಗೆಯ ಮೂಲೆಯಲ್ಲಿ ಒಂದು ನೀಲಿ ಡ್ರಮ್ ಇತ್ತು. ಮುಚ್ಚಳ ತೆಗೆದರೆ ಬಿಸಿ ಹಬೆ, ಹುಳಿ ವಾಸನೆ, ಅಂಚಿನಲ್ಲಿ ಬೂಷ್ಟು. ಐದು ದಿನದ ಹಿಂದೆ ತಂದ ಬಿಯರ್ ವೇಸ್ಟ್. ಕೆಡುವ ಮೊದಲೇ ಮುಗಿಸೋಣವೆಂದು ಹಿಂದಿನ ಸಂಜೆ ಎರಡು ಬುಟ್ಟಿ ಜಾಸ್ತಿ ಹಾಕಿದ್ದರು.

"ಇದು ಕೆಡಲ್ಲ ಅಂದಿದ್ರಲ್ಲ ಡಾಕ್ಟ್ರೇ" ಎಂದರು ಆ ತಾಯಿ. "ಇದರಲ್ಲಿ ಹಾಪ್ಸ್ ಅಂತ ಒಂದು ಹೂವು ಇರುತ್ತೆ, ಅದು ಮದ್ದು, ಹಸುವಿನ ಹೊಟ್ಟೆಗೂ ಒಳ್ಳೇದು, ವಾರ ಇಟ್ಟರೂ ಏನೂ ಆಗಲ್ಲ ಅಂತ ಗಾಡಿಯವರು ಹೇಳಿದ್ರು."

ಹಸು ಬದುಕಿತು. ನಾಲ್ಕು ದಿನ ಗ್ಲೂಕೋಸು, ಸೋಡಾ, ಇಂಜೆಕ್ಷನ್ನು. ಆದರೆ ಹಾಲು ಐದು ಲೀಟರಿಗೆ ಇಳಿದದ್ದು ಆ ಸೂಲಿನಲ್ಲಿ ಮತ್ತೆ ಒಂಬತ್ತು ದಾಟಲಿಲ್ಲ. ಸಾಲದ ಕಂತು ಮಾತ್ರ ಇಳಿಯಲಿಲ್ಲ.

ಗಾಡಿಯವರು ಹೇಳಿದ್ದರಲ್ಲಿ ಅರ್ಧ ನಿಜವಿತ್ತು. ಹಾಪ್ಸ್ ಎಂಬ ಹೂವು ಇದೆ, ಅದರಲ್ಲಿ ಕೆಡದಂತೆ ಕಾಯುವ ಗುಣವಿದೆ, ದನದ ಹೊಟ್ಟೆಯ ಮೇಲೆ ಅದರ ಪರಿಣಾಮ ಏನೆಂದು ವಿಜ್ಞಾನಿಗಳು ನಿಜವಾಗಿಯೂ ಪರೀಕ್ಷೆ ಮಾಡಿದ್ದಾರೆ. ಸುಳ್ಳಾದ ಅರ್ಧವೇ ಆ ಹಸುವನ್ನು ನೆಲಕ್ಕೆ ಕೆಡವಿತು. ಎರಡನ್ನೂ ಬಿಡಿಸಿ ಹೇಳಲು ಈ ಲೇಖನ. ಬಿಯರ್ ಎಂಬ ಮಾತು ಬಂದರೆ ನಿಮ್ಮಲ್ಲಿ ಹಲವರಿಗೆ ಮೈ ಉರಿಯುತ್ತದೆ ಎಂದು ನನಗೆ ಗೊತ್ತು. ಇಲ್ಲಿ ಕುಡಿಯುವ ಮಾತಿಲ್ಲ. ನಿಮ್ಮ ಗೋದಲಿಗೆ ಬರುವ ಮೇವಿನ ಮಾತು ಮಾತ್ರ.

ಹಾಪ್ಸ್ ಎಂದರೇನು?

ಹಾಪ್ಸ್ ಒಂದು ಬಳ್ಳಿ. ಅವರೆ ಬಳ್ಳಿಯಂತೆ ಹಬ್ಬುತ್ತದೆ, ಆದರೆ ಬಹಳ ಎತ್ತರಕ್ಕೆ. ಕಂಬ ನೆಟ್ಟು, ದಾರ ಕಟ್ಟಿ, ಐದಾರು ಮೀಟರ್ ಮೇಲಕ್ಕೆ ಹತ್ತಿಸುತ್ತಾರೆ. ಬೇಸಿಗೆಯಲ್ಲಿ ಹಗಲು ತುಂಬಾ ಉದ್ದವಿರುವ ತಂಪು ನಾಡು ಅದಕ್ಕೆ ಬೇಕು. ಜರ್ಮನಿಯ ಹಾಲರ್ಟೌ ಮತ್ತು ಅಮೆರಿಕದ ಯಾಕಿಮಾ ಕಣಿವೆ ಇದಕ್ಕೆ ಹೆಸರಾದ ಜಾಗಗಳು. ನಮ್ಮ ದೇಶದಲ್ಲಿ ಹಿಮಾಚಲ ಪ್ರದೇಶದ ಲಾಹೌಲ್ ಕಣಿವೆಯಲ್ಲಿ ಸ್ವಲ್ಪ ಬೆಳೆದಿದ್ದಾರೆ. ನಮ್ಮ ಕಡೆಯ ಹೊಲಕ್ಕೆ ಹೊಂದುವ ಬೆಳೆಯಲ್ಲ.

ಪಪ್ಪಾಯಿಯಂತೆ ಇದರಲ್ಲೂ ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ರೈತರು ಬೆಳೆಯುವುದು ಹೆಣ್ಣು ಬಳ್ಳಿಯನ್ನೇ. ಅದರಲ್ಲಿ ಹೆಬ್ಬೆರಳ ಗಾತ್ರದ ಹಸಿರು ಹೂಗೊಂಚಲು ಬಿಡುತ್ತದೆ. ಎಸಳು ಬಿಡಿಸಿ ನೋಡಿದರೆ ಬುಡದಲ್ಲಿ ಅರಿಶಿನದಂಥ ಹಳದಿ ಪುಡಿ ಅಂಟಿರುತ್ತದೆ. ಅದಕ್ಕೆ ಲುಪುಲಿನ್ ಎನ್ನುತ್ತಾರೆ. ಹಾಪ್ಸಿನ ಗುಣವೆಲ್ಲ ಹೆಚ್ಚಾಗಿ ಈ ಪುಡಿಯಲ್ಲಿದೆ. ಅದರಲ್ಲಿರುವ ಮುಖ್ಯ ವಸ್ತುಗಳು ಇವು:

ಒಂದು, ಆಲ್ಫಾ ಆಮ್ಲಗಳು. ಕುದಿಸಿದಾಗ ಇವು ರೂಪ ಬದಲಿಸಿ ಬಿಯರಿಗೆ ಕಹಿ ಕೊಡುತ್ತವೆ.
ಎರಡು, ಬೀಟಾ ಆಮ್ಲಗಳು. ಕೆಲವು ಜಾತಿಯ ಬ್ಯಾಕ್ಟೀರಿಯಾಗಳನ್ನು ತಡೆಯುವುದರಲ್ಲಿ ಇವು ಬಲು ಗಟ್ಟಿ.
ಮೂರು, ಕ್ಸಾಂಥೋಹ್ಯೂಮಾಲ್ ಮತ್ತು ಅದರ ಬಳಗದ ವಸ್ತುಗಳು. ಇವುಗಳಲ್ಲಿ ಒಂದು ಹೆಣ್ಣಿನ ಹಾರ್ಮೋನಿನಂತೆ ಕೆಲಸ ಮಾಡುತ್ತದೆ. ಅದರ ವಿಷಯ ಮುಂದೆ ಹೇಳುತ್ತೇನೆ.

ಕೆಡದಂತೆ ಕಾಯುವ ಗುಣ

ಯೂರೋಪಿನಲ್ಲಿ ಸಾವಿರ ವರ್ಷಕ್ಕೂ ಹಿಂದೆಯೇ ಬಿಯರಿಗೆ ಹಾಪ್ಸ್ ಹಾಕುತ್ತಿದ್ದರು. ರುಚಿಗೆ ಹೇಗೋ ಹಾಗೆ ಬಾಳಿಕೆಗೂ. 12ನೇ ಶತಮಾನದಲ್ಲಿ ಜರ್ಮನಿಯ ಹಿಲ್ಡೆಗಾರ್ಡ್ ಎಂಬ ಸನ್ಯಾಸಿನಿ, ಹಾಪ್ಸಿನ ಕಹಿ ಪಾನೀಯವನ್ನು ಕೆಡದಂತೆ ಕಾಯುತ್ತದೆ ಎಂದು ಬರೆದಿಟ್ಟಿದ್ದಾರೆ. 1516ರಲ್ಲಿ ಬವೇರಿಯಾದ ದೊರೆಗಳು ಬಿಯರಿಗೆ ಬಾರ್ಲಿ, ಹಾಪ್ಸ್, ನೀರು ಬಿಟ್ಟು ಬೇರೇನೂ ಹಾಕಬಾರದೆಂದು ಕಾನೂನು ಮಾಡಿದರು. ಇಂಗ್ಲೆಂಡಿನಿಂದ ಹಡಗಿನಲ್ಲಿ ತಿಂಗಳುಗಟ್ಟಲೆ ಸಾಗಿ ಭಾರತಕ್ಕೆ ಬರುತ್ತಿದ್ದ ಬಿಯರಿಗೆ ಹೆಚ್ಚು ಹಾಪ್ಸ್ ಹಾಕಿ ಕಳಿಸುತ್ತಿದ್ದರು.

ಇದು ಹೇಗೆ ಕೆಲಸ ಮಾಡುತ್ತದೆ? ಬ್ಯಾಕ್ಟೀರಿಯಾಗಳಲ್ಲಿ ದೊಡ್ಡದಾಗಿ ಎರಡು ಗುಂಪು. ಒಂದು ಗುಂಪಿಗೆ ಮೈಮೇಲೆ ಇನ್ನೊಂದು ಹೊರ ಪೊರೆ ಇರುತ್ತದೆ, ಮಳೆಗೆ ಗೊರಬು ಹಾಕಿಕೊಂಡ ಹಾಗೆ. ಇನ್ನೊಂದು ಗುಂಪಿಗೆ ಆ ಹೊರ ಪೊರೆ ಇಲ್ಲ. ಹಾಪ್ಸಿನ ಕಹಿ ಆಮ್ಲಗಳು ಈ ಎರಡನೇ ಗುಂಪಿನ ಬ್ಯಾಕ್ಟೀರಿಯಾದ ಪೊರೆಯೊಳಗೆ ನುಸುಳಿ, ಒಳಗಿನ ಸಮತೋಲ ಕೆಡಿಸಿ, ಅದರ ಶಕ್ತಿ ಸೋರಿಹೋಗುವಂತೆ ಮಾಡುತ್ತವೆ. ಬ್ಯಾಕ್ಟೀರಿಯಾ ಬೆಳೆಯಲಾರದು. ಬಿಯರನ್ನು ಹುಳಿ ಮಾಡುವ ಬ್ಯಾಕ್ಟೀರಿಯಾಗಳು ಬಹುತೇಕ ಈ ಗುಂಪಿನವು. ಯೀಸ್ಟಿಗೆ ಇದರಿಂದ ತೊಂದರೆಯಿಲ್ಲ.

ಜೇನು ಸಾಕುವವರಿಗೂ ಇದು ಉಪಯೋಗಕ್ಕೆ ಬಂದಿದೆ. ಜೇನುಹುಳದ ಮೈಗೆ ಅಂಟಿ ಕುಟುಂಬವನ್ನೇ ಹಾಳುಮಾಡುವ ವರೋವಾ ನುಸಿಯ ವಿರುದ್ಧ, ಹಾಪ್ಸಿನ ಬೀಟಾ ಆಮ್ಲ ಹಚ್ಚಿದ ರಟ್ಟಿನ ಪಟ್ಟಿಗಳನ್ನು ಅಮೆರಿಕದಲ್ಲಿ ಪೆಟ್ಟಿಗೆಯೊಳಗೆ ಇಡುತ್ತಾರೆ.

ದನದ ಹೊಟ್ಟೆಯಲ್ಲಿ ಏನು ಮಾಡುತ್ತದೆ?

ಹಸುವಿನ ಮೊದಲ ಹೊಟ್ಟೆ, ಅಂದರೆ ರೂಮೆನ್, ಒಂದು ದೊಡ್ಡ ಹುದುಗುವ ತೊಟ್ಟಿ. ಅಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳು ಹುಲ್ಲನ್ನು ಕರಗಿಸಿ ಹಸುವಿಗೆ ಶಕ್ತಿ ಕೊಡುತ್ತವೆ. ಆದರೆ ಮನೆಯೆಂದ ಮೇಲೆ ದುಂದುಗಾರರೂ ಇರುತ್ತಾರಲ್ಲ? ಕೆಲವು ಬ್ಯಾಕ್ಟೀರಿಯಾಗಳು ನಾವು ಕೊಟ್ಟ ಹಿಂಡಿಯ ಪ್ರೋಟೀನನ್ನು ಬೇಕಾದ್ದಕ್ಕಿಂತ ವೇಗವಾಗಿ ಒಡೆದು ಅಮೋನಿಯಾ ಮಾಡುತ್ತವೆ. ಹೆಚ್ಚಾದ ಅಮೋನಿಯಾ ಯೂರಿಯಾ ಆಗಿ ಮೂತ್ರದಲ್ಲಿ ಹೋಗುತ್ತದೆ. ಕೊಟ್ಟಿಗೆಯಲ್ಲಿ ಮೂಗಿಗೆ ಹೊಡೆಯುವ ಘಾಟಿದೆಯಲ್ಲ, ಅದರಲ್ಲಿ ನೀವು ದುಡ್ಡು ಕೊಟ್ಟು ತಂದ ಹಿಂಡಿಯ ಪಾಲೂ ಇದೆ.

ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು ಈ ಅಮೋನಿಯಾ ಮಾಡುವ ಬ್ಯಾಕ್ಟೀರಿಯಾಗಳ ಮೇಲೆ ಹಾಪ್ಸ್ ಪ್ರಯೋಗಿಸಿ 2009ರಲ್ಲಿ ಫಲಿತಾಂಶ ಪ್ರಕಟಿಸಿದರು. ಪ್ರಯೋಗಾಲಯದಲ್ಲಿ ಹಾಪ್ಸ್ ಅವುಗಳನ್ನು ತಡೆಯಿತು. ಬೇರೆ ಕಡೆಯ ಪ್ರಯೋಗಾಲಯಗಳಲ್ಲಿ, ರೂಮೆನ್ ದ್ರವಕ್ಕೆ ಹಾಪ್ಸ್ ಹಾಕಿದಾಗ ಹಸು ತೇಗಿನಲ್ಲಿ ಬಿಡುವ ಮೀಥೇನ್ ಅನಿಲವೂ ಕಡಿಮೆಯಾದದ್ದು ಕಂಡಿದೆ.

ಇಷ್ಟು ಆಸಕ್ತಿ ಯಾಕೆ? ಕೆಲವು ದೇಶಗಳಲ್ಲಿ ಇದೇ ಕೆಲಸಕ್ಕೆ ಮೊನೆನ್ಸಿನ್ ಎಂಬ ಔಷಧವನ್ನು ದನದ ಆಹಾರದಲ್ಲಿ ಬೆರೆಸುತ್ತಾರೆ. ಯೂರೋಪ್ ಒಕ್ಕೂಟ 2006ರ ಜನವರಿಯಿಂದ ದನದ ಬೆಳವಣಿಗೆಗಾಗಿ ಆಂಟಿಬಯೋಟಿಕ್ ಬೆರೆಸುವುದನ್ನು ನಿಲ್ಲಿಸಿತು. ಆಗ ಗಿಡಮೂಲಿಕೆಗಳ ಕಡೆ ಹುಡುಕಾಟ ಜೋರಾಯಿತು. ಹಾಪ್ಸ್ ಆ ಹುಡುಕಾಟದ ಪಟ್ಟಿಯಲ್ಲಿದೆ.

ಆದರೆ ಪ್ರಯೋಗಾಲಯದ ಗಾಜಿನ ಸೀಸೆ ಬೇರೆ, ಹಸುವಿನ ಹೊಟ್ಟೆ ಬೇರೆ. ಹುಲ್ಲಿನ ನಾರು ಕರಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳಲ್ಲೂ ಕೆಲವು, ಹೊರ ಪೊರೆ ಇಲ್ಲದ ಅದೇ ಗುಂಪಿನವು. ಪ್ರಮಾಣ ಮೀರಿದರೆ ಕಳೆಯ ಜೊತೆ ಪೈರನ್ನೂ ಕಿತ್ತಂತಾಗುತ್ತದೆ. ಕಹಿ ಹೆಚ್ಚಾದರೆ ಹಸು ಮೇವನ್ನೇ ಬಿಡುತ್ತದೆ. ಆದ್ದರಿಂದ ಯಾರಾದರೂ "ಹಾಪ್ಸ್ ಪುಡಿ, ಹಾಲು ಹೆಚ್ಚುತ್ತದೆ" ಎಂದು ಪೊಟ್ಟಣ ತಂದರೆ, ನಿಮ್ಮ ಪಶುವೈದ್ಯರಿಗೆ ತೋರಿಸದೆ ದುಡ್ಡು ಕೊಡಬೇಡಿ.

ಹಾಗಾದರೆ ನಮ್ಮ ಡ್ರಮ್ಮಿನಲ್ಲಿ ಹಾಪ್ಸ್ ಇದೆಯೇ?

ಇದೇ ಮುಖ್ಯ ಪ್ರಶ್ನೆ. ಬಿಯರ್ ತಯಾರಾಗುವ ಕ್ರಮ ತಿಳಿದರೆ ಉತ್ತರ ತಾನಾಗಿ ಸಿಗುತ್ತದೆ. ಮಕ್ಕಳಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ ಮಾಲ್ಟ್ ಮಾಡುತ್ತೀರಲ್ಲ, ಮೊದಲ ಹೆಜ್ಜೆ ಅದೇ.

1. ಬಾರ್ಲಿಯನ್ನು ಮೊಳಕೆ ಕಟ್ಟಿ ಒಣಗಿಸುತ್ತಾರೆ.
2. ಅದನ್ನು ಒಡೆದು ಬಿಸಿನೀರಿನಲ್ಲಿ ನೆನೆಸುತ್ತಾರೆ. ಹಿಟ್ಟಿನ ಅಂಶ ಸಕ್ಕರೆಯಾಗಿ ನೀರಿಗೆ ಇಳಿಯುತ್ತದೆ.
3. ಸೋಸುತ್ತಾರೆ. ಸಿಹಿ ನೀರು ಒಂದು ಕಡೆ, ಹೊಟ್ಟು ಮತ್ತು ಗಷ್ಟು ಇನ್ನೊಂದು ಕಡೆ. ಈ ಹೊಟ್ಟು ಗಷ್ಟೇ ನಮಗೆ ಬರುವ ಬಿಯರ್ ವೇಸ್ಟ್.
4. ಸಿಹಿ ನೀರನ್ನು ದೊಡ್ಡ ಹಂಡೆಯಲ್ಲಿ ಕುದಿಸುತ್ತಾರೆ. ಹಾಪ್ಸ್ ಹಾಕುವುದು ಈಗ.
5. ತಣಿಸಿ, ಯೀಸ್ಟ್ ಸೇರಿಸಿ ಹುದುಗಿಸುತ್ತಾರೆ. ಅಮಲು ಹುಟ್ಟುವುದು ಈಗ.

ನೋಡಿ, ಮೂರನೇ ಹೆಜ್ಜೆಯಲ್ಲೇ ನಮ್ಮ ಮೇವು ಹೊರಗೆ ಬಂತು. ಹಾಪ್ಸ್ ಬಿದ್ದದ್ದು ನಾಲ್ಕನೆಯದರಲ್ಲಿ. ಕಾಯುವ ಕಹಿ ಬಿಯರಿನ ಜೊತೆ ಹೋಯಿತು. ನಮ್ಮ ಪಾಲಿಗೆ ಬಂದದ್ದು ಕಾವಲಿಲ್ಲದ, ಸಿಹಿ ಅಂಶ ಉಳಿದ, ಬೆಚ್ಚಗಿನ ಒದ್ದೆ ಹೊಟ್ಟು. ಬೂಷ್ಟಿಗೂ ಹುಳಿಗೂ ಅದಕ್ಕಿಂತ ಒಳ್ಳೆಯ ಜಾಗ ಬೇರೆ ಬೇಕೆ?

ಇದರಿಂದಲೇ ಇನ್ನೊಂದು ಅನುಮಾನವೂ ಬಗೆಹರಿಯುತ್ತದೆ. "ಬಿಯರ್ ವೇಸ್ಟ್ ತಿಂದರೆ ಹಾಲಿಗೆ ಅಮಲು ಬರುತ್ತದೆಯೇ?" ಎಂದು ಕೆಲವರು ಸಭೆಯಲ್ಲಿ ಕೇಳುತ್ತಾರೆ. ಹೊಟ್ಟು ಬೇರೆಯಾಗುವುದು ಹುದುಗುವ ಮೊದಲೇ. ತಾಜಾ ಇರುವ ವೇಸ್ಟ್‌ನಲ್ಲಿ ಅಮಲಿಲ್ಲ.

ಎರಡು ಕಡೆ ಮಾತ್ರ ಎಚ್ಚರ ಬೇಕು. ಹಂಡೆಯ ತಳದಲ್ಲಿ ಉಳಿದ ಹಾಪ್ಸ್ ಗಷ್ಟನ್ನು, ಇಲ್ಲವೇ ಹುದುಗಿಸಿದ ಮೇಲೆ ಉಳಿದ ಯೀಸ್ಟನ್ನು ಕೆಲವು ಕಡೆ ಹೊಟ್ಟಿಗೆ ಬೆರೆಸಿ ಕಳಿಸುವುದುಂಟು. ಹಾಪ್ಸ್ ಗಷ್ಟು ಕಹಿ, ಹಸು ಮೂಸಿ ಬಿಡುತ್ತದೆ. ಜೀವಂತ ಯೀಸ್ಟ್ ಹೊಟ್ಟೆ ಸೇರಿದರೆ ಅಲ್ಲೇ ಹುದುಗಿ ಹೊಟ್ಟೆ ಉಬ್ಬರವಾಗಬಹುದು. ಮಾಮೂಲಿನ ಸಿಹಿ ಕಾಳಿನ ವಾಸನೆ ಬಿಟ್ಟು ಕಹಿ ಘಾಟು ಅಥವಾ ಹೆಂಡದ ವಾಸನೆ ಬಂದರೆ ಗಾಡಿಯಲ್ಲೇ ವಾಪಸ್ ಕಳಿಸಿ. ಮನೆಯ ನಾಯಿಯನ್ನಂತೂ ಹಾಪ್ಸ್ ಗಷ್ಟಿನ ಹತ್ತಿರ ಬಿಡಬೇಡಿ. ಹಾಪ್ಸ್ ತಿಂದ ನಾಯಿಗೆ ಮೈ ಕಾವು ವಿಪರೀತ ಏರಿ, ಏದುಸಿರು ಬಂದು, ಕೆಲವೇ ಗಂಟೆಗಳಲ್ಲಿ ಸತ್ತ ಪ್ರಕರಣಗಳು ಅಮೆರಿಕದಲ್ಲಿ ದಾಖಲಾಗಿವೆ. ಒಂದೇ ಹೂವು ಬಿಯರಿಗೆ ಕಾವಲು, ನಾಯಿಗೆ ವಿಷ.

ಹೆಣ್ಣುಮಕ್ಕಳ ಆರೋಗ್ಯಕ್ಕೆ ಹಾಪ್ಸ್?

ಹಾಪ್ಸ್ ಕೊಯ್ಯಲು ಹೋಗುತ್ತಿದ್ದ ಯೂರೋಪಿನ ಹೆಣ್ಣಾಳುಗಳಲ್ಲಿ ಮುಟ್ಟಿನ ಏರುಪೇರು ಆಗುತ್ತದೆಂಬ ಮಾತು ಬಹಳ ಹಿಂದಿನಿಂದ ಇತ್ತು. 1999ರಲ್ಲಿ ವಿಜ್ಞಾನಿಗಳು ಹಾಪ್ಸಿನಲ್ಲಿರುವ ಒಂದು ವಸ್ತು ಈಸ್ಟ್ರೊಜೆನ್ ಹಾರ್ಮೋನಿನಂತೆ ಬಲವಾಗಿ ಕೆಲಸ ಮಾಡುತ್ತದೆಂದು ತೋರಿಸಿದರು. ಗಿಡಗಳಲ್ಲಿ ಸಿಗುವ ಇಂಥ ವಸ್ತುಗಳಲ್ಲಿ ಅತಿ ಬಲವಾದವುಗಳಲ್ಲಿ ಅದೂ ಒಂದು. ಮುಟ್ಟು ನಿಲ್ಲುವ ವಯಸ್ಸಿನಲ್ಲಿ ಮೈ ಬಿಸಿಯೇರುವುದು, ಬೆವರುವುದು ಕಡಿಮೆಯಾಗುತ್ತದೆಯೇ ಎಂದು ಸಣ್ಣ ಪ್ರಮಾಣದ ಪರೀಕ್ಷೆಗಳು ನಡೆದಿವೆ. ನಿದ್ರೆಗಾಗಿ ಜರ್ಮನಿಯಲ್ಲಿ ವಲೇರಿಯನ್ ಎಂಬ ಬೇರಿನ ಜೊತೆ ಹಾಪ್ಸ್ ಮಾತ್ರೆ ಮಾರುತ್ತಾರೆ. ಕ್ಸಾಂಥೋಹ್ಯೂಮಾಲ್ ಕ್ಯಾನ್ಸರ್ ಕೋಶಗಳ ಮೇಲೆ ಏನು ಮಾಡುತ್ತದೆಂದು ಪ್ರಯೋಗಾಲಯದಲ್ಲಿ ನೋಡಿದ್ದಾರೆ. ಸೀಸೆಯಲ್ಲಿ ಕಂಡದ್ದು ಮನುಷ್ಯರಿಗೆ ಔಷಧಿಯಾಗಲು ದಾರಿ ದೂರವಿದೆ.

ಹಾರ್ಮೋನಿನಂತೆ ಕೆಲಸ ಮಾಡುವುದೆಂದರೆ ಒಳ್ಳೆಯದೂ ಆಗಬಹುದು, ಕೆಟ್ಟದ್ದೂ ಆಗಬಹುದು. ಗರ್ಭಿಣಿಯರು, ಹಾಲೂಡಿಸುವವರು, ಸ್ತನದ ಅಥವಾ ಗರ್ಭಕೋಶದ ಕಾಯಿಲೆ ಆದವರು ಡಾಕ್ಟರನ್ನು ಕೇಳದೆ ಇಂಥ ಮಾತ್ರೆ ಮುಟ್ಟಬಾರದು. ಜಾನುವಾರಿನಲ್ಲೂ ಇದಕ್ಕೆ ಪಾಠವಿದೆ. 1940ರ ದಶಕದಲ್ಲಿ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ಕ್ಲೋವರ್ ಎಂಬ ಮೇವಿನ ಗಿಡ ತಿಂದ ಕುರಿಗಳು ಗಬ್ಬ ಕಟ್ಟದೆ ಹೋದವು. ಕಾರಣ ಹುಡುಕಿದರೆ, ಆ ಗಿಡದಲ್ಲಿ ಈಸ್ಟ್ರೊಜೆನ್ನಿನಂತೆ ಕೆಲಸ ಮಾಡುವ ವಸ್ತುಗಳಿದ್ದವು. "ಗಿಡದ್ದು ತಾನೇ, ಏನಾಗುತ್ತದೆ" ಎನ್ನುವ ಮಾತನ್ನು ನಾವು ಬಿಡಬೇಕು.

ಹಾಪ್ಸ್ ಇಲ್ಲದಿದ್ದರೂ ಬಿಯರ್ ವೇಸ್ಟ್ ಒಳ್ಳೆಯ ಮೇವೇ

ಇಷ್ಟು ಓದಿ ಬಿಯರ್ ವೇಸ್ಟ್ ಬೇಡವೇ ಬೇಡ ಎಂದುಕೊಳ್ಳಬೇಡಿ. ನೀರು ತೆಗೆದು ಲೆಕ್ಕ ಹಾಕಿದರೆ ಅದರಲ್ಲಿ ನೂರಕ್ಕೆ 20ರಿಂದ 25ರಷ್ಟು ಪ್ರೋಟೀನ್ ಇದೆ, ನಾರೂ ಇದೆ. ಆದರೆ ನೂರಕ್ಕೆ 75ರಿಂದ 80 ಭಾಗ ನೀರು. ಹತ್ತು ಕೆ.ಜಿ. ಕೊಂಡರೆ ನಿಮಗೆ ಸಿಗುವ ಒಣ ಪದಾರ್ಥ ಎರಡರಿಂದ ಎರಡೂವರೆ ಕೆ.ಜಿ. ಮಾತ್ರ. ಬೆಲೆ ಕೇಳುವಾಗ ಕೆ.ಜಿ. ಬೆಲೆಯನ್ನು ನಾಲ್ಕರಿಂದ ಗುಣಿಸಿ, ಹಿಂಡಿಯ ಬೆಲೆಯ ಪಕ್ಕ ಇಟ್ಟು ನೋಡಿ. ಗುಣಿಸಿದ್ದೇ ಜಾಸ್ತಿಯಾದರೆ ಬಿಟ್ಟುಬಿಡಿ.

ಕೊಡುವುದಾದರೆ ಹೀಗೆ ಕೊಡಿ:

• ಮೊದಲ ದಿನ ಎರಡು ಕೆ.ಜಿ.ಯಿಂದ ಶುರು ಮಾಡಿ, ಹತ್ತರಿಂದ ಹದಿನೈದು ದಿನದಲ್ಲಿ ನಿಧಾನವಾಗಿ ಏರಿಸಿ. ದೊಡ್ಡ ಸೀಮೆ ಹಸುವಿಗೂ ದಿನಕ್ಕೆ 8ರಿಂದ 10 ಕೆ.ಜಿ. ಮೀರದಿರಲಿ, ಎರಡು ಹೊತ್ತಿಗೆ ಹಂಚಿ ಕೊಡಿ.
• ಮೊದಲು ಒಣಹುಲ್ಲು, ಆಮೇಲೆ ವೇಸ್ಟ್. ಖಾಲಿ ಹೊಟ್ಟೆಗೆ ಬೇಡ.
• ಇದರಲ್ಲಿ ಕ್ಯಾಲ್ಸಿಯಂ ಕಡಿಮೆ. ಖನಿಜ ಮಿಶ್ರಣ ತಪ್ಪಿಸಬೇಡಿ.
• ಬೇಸಿಗೆಯಲ್ಲಿ ಎರಡು ದಿನಕ್ಕೆ ಆಗುವಷ್ಟೇ ತನ್ನಿ. ಅಕ್ಕಪಕ್ಕದ ಮೂರ್ನಾಲ್ಕು ಮನೆಯವರು ಸೇರಿ ಒಂದು ಲೋಡು ಹಂಚಿಕೊಂಡರೆ ಉಳಿಯುವುದೇ ಇಲ್ಲ.
• ಹೆಚ್ಚು ದಿನ ಇಡಲೇಬೇಕಾದರೆ, ತಂದ ದಿನವೇ ಡ್ರಮ್ಮಿನೊಳಗೆ ಪ್ಲಾಸ್ಟಿಕ್ ಚೀಲವಿಟ್ಟು, ಗಾಳಿ ಉಳಿಯದಂತೆ ತುಳಿದು, ಬಾಯಿ ಬಿಗಿಯಾಗಿ ಕಟ್ಟಿ, ಮೇಲೆ ಭಾರ ಹೇರಿ. ರಸಮೇವು ಮಾಡುವ ಕ್ರಮವೇ ಇದು. ಮೂರು ವಾರ ಬಿಟ್ಟು ತೆಗೆಯಿರಿ. ತೆಗೆದ ಮೇಲೆ ದಿನವೂ ಬಳಸಿ ಬೇಗ ಮುಗಿಸಿ.
• ಕೈ ಹಾಕಿದಾಗ ಒಳಗೆ ಬಿಸಿ, ಹಸಿರು ಕಪ್ಪು ಬೂಷ್ಟು, ಕಟುವಾದ ಹುಳಿ ವಾಸನೆ, ಇವುಗಳಲ್ಲಿ ಯಾವುದೇ ಒಂದಿದ್ದರೂ ತಿಪ್ಪೆಗೆ ಹಾಕಿ. ಮೇಲಿನ ಬೂಷ್ಟು ತೆಗೆದು ಕೆಳಗಿನದನ್ನು ಕೊಡುವುದು ಬೇಡ.

ಬೂಷ್ಟಿನ ವಿಷಯದಲ್ಲಿ ಇಷ್ಟು ಗಟ್ಟಿಯಾಗಿ ಹೇಳಲು ಕಾರಣವಿದೆ. ಕೆಲವು ಬೂಷ್ಟುಗಳು ಅಫ್ಲಟಾಕ್ಸಿನ್ ಎಂಬ ವಿಷ ಮಾಡುತ್ತವೆ. ಹಸು ಇವತ್ತು ತಿಂದರೆ ಒಂದು ದಿನದೊಳಗೆ ಅದು ಹಾಲಿನಲ್ಲಿ ಕಾಣಿಸಿಕೊಳ್ಳುತ್ತದೆ. ಕಾಯಿಸಿದರೂ ಹೋಗುವುದಿಲ್ಲ. ಹಾಲಿನಲ್ಲಿ ಅದರ ಮಿತಿ ಕೆ.ಜಿ.ಗೆ 0.5 ಮೈಕ್ರೋಗ್ರಾಂ ಎಂದು ನಮ್ಮ ದೇಶದ ಆಹಾರ ಸುರಕ್ಷತಾ ಪ್ರಾಧಿಕಾರ ಗೊತ್ತುಮಾಡಿದೆ. ಒಂದು ಮನೆಯ ಡ್ರಮ್ಮಿನ ಬೂಷ್ಟು ಇಡೀ ಸಂಘದ ಕ್ಯಾನಿಗೆ ಸೇರುತ್ತದೆ. ಅದೇ ಹಾಲನ್ನು ನಿಮ್ಮ ಮನೆಯ ಮಕ್ಕಳೂ ಕುಡಿಯುತ್ತಾರೆ.

ಅಕಸ್ಮಾತ್ ಹಸು ಹೆಚ್ಚು ತಿಂದು ಮೆಲುಕು ನಿಲ್ಲಿಸಿದರೆ ಹಿಂಡಿ, ವೇಸ್ಟ್, ಕಾಳು ಎಲ್ಲ ನಿಲ್ಲಿಸಿ ಒಣಹುಲ್ಲು ಮಾತ್ರ ಮುಂದಿಡಿ. ಗೊಟ್ಟದಲ್ಲಿ ಮಜ್ಜಿಗೆ, ಎಣ್ಣೆ ಕುಡಿಸಬೇಡಿ. ಮಜ್ಜಿಗೆ ಹುಳಿಗೆ ಹುಳಿ ಸೇರಿಸುತ್ತದೆ. ನಿತ್ರಾಣವಾದ ಹಸುವಿಗೆ ಕುಡಿಸಿದ್ದು ಶ್ವಾಸಕೋಶಕ್ಕೂ ಹೋಗಬಹುದು. ಬೆಳಗಾಗಲಿ ಎಂದು ಕಾಯದೆ ಫೋನ್ ಮಾಡಿ. ರಾತ್ರಿ ಹತ್ತಕ್ಕೆ ಉಳಿಸಬಹುದಾದ ಹಸು ಬೆಳಗಿನ ಐದಕ್ಕೆ ಕೈ ಮೀರಿರಬಹುದು.

ಮೊದಲು ಹೇಳಿದ ಆ ಸಹೋದರಿ ಈಗಲೂ ಬಿಯರ್ ವೇಸ್ಟ್ ಕೊಡುತ್ತಾರೆ. ಮೂರು ಮನೆಯವರು ಸೇರಿ ತರಿಸಿಕೊಳ್ಳುತ್ತಾರೆ, ಮೂರನೇ ದಿನಕ್ಕೆ ಡ್ರಮ್ ಖಾಲಿ. ಮೊನ್ನೆ ಗರ್ಭ ಪರೀಕ್ಷೆಗೆ ಹೋದಾಗ ಆ ಹಸು ಐದು ತಿಂಗಳ ಗಬ್ಬ. ಗಾಡಿಯವರು ಮತ್ತೆ ಹಾಪ್ಸ್ ಮಾತು ತೆಗೆದರಂತೆ. "ಹೂವು ನೀರಿನ ಜೊತೆ ಹೋಯ್ತು, ನಮಗೆ ಬಂದಿದ್ದು ಹೊಟ್ಟು. ಇವತ್ತಿಂದು ಯಾವ ದಿನದ್ದು, ಅದು ಹೇಳಿ ಸಾಕು ಅಂದೆ ಡಾಕ್ಟ್ರೇ" ಎಂದು ನಕ್ಕರು.

ನೀವೂ ಗಾಡಿ ಬಂದಾಗ ಅದನ್ನೇ ಕೇಳಿ. ಕೇಳಿದ ಮೇಲೆ ಒಂದು ಹಿಡಿ ಮೂಸಿಯೂ ನೋಡಿ.